ಟರ್ಬೊ ಕಾರು, ಶಿರಾಡಿ ಘಾಟಿ ಮತ್ತು ಅಪ್ಪನ ಬಸ್ ಟಿಕೆಟ್

"ಇನ್ನು ಮುಂದೆ ನಾವು ಬಸ್ಸಲ್ಲೇ ಬರ್ತೇವೆ. ನೀನು ಸುಮ್ಮನೆ ತೊಂದರೆ ತಗೊಳ್ಳುವುದು ಬೇಡ."

ಹಾಸನದ ಹೋಟೆಲೊಂದರಲ್ಲಿ ಕಾಫಿ ಕುಡಿಯುತ್ತಾ ಅಪ್ಪ ಹೇಳಿದ್ದು ಇಷ್ಟೇ. ಬೈದಿದ್ದರೆ ಸಮಾಧಾನ ಆಗುತ್ತಿತ್ತೇನೋ. ಬೈಯಲಿಲ್ಲ. ಅಮ್ಮ ಅಂತೂ ಘಾಟಿ ಹತ್ತಿದ ಮೇಲೆ ಒಂದು ಮಾತೂ ಆಡಿರಲಿಲ್ಲ.

ಅಮ್ಮನಿಗೆ ಮೂರು ತಿಂಗಳಿಗೊಮ್ಮೆ ಬೆಂಗಳೂರಿನಲ್ಲಿ ಕಣ್ಣಿನ ತಪಾಸಣೆ ಇರುತ್ತದೆ. ಪುತ್ತೂರಿನಿಂದ ಅವರಿಬ್ಬರನ್ನೂ ಕರೆದುಕೊಂಡು ಬರುವುದು ನನ್ನ ಕೆಲಸ. ಎಂಟು ವರ್ಷದ ನನ್ನ 1.2 ಲೀಟರ್ ಪೆಟ್ರೋಲ್ ಕಾರು ಘಾಟಿಯಲ್ಲಿ ಏದುಸಿರು ಬಿಡುತ್ತದೆ, ಹೊಸದು ತಗೋಬೇಕು ಅಂತ ತಲೆಯಲ್ಲಿ ಓಡುತ್ತಿತ್ತು. ಮನಸ್ಸು ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಕಡೆಗಿತ್ತು. ಸರಿ, ದುಡ್ಡು ಸುರಿಯುವ ಮೊದಲು ನೋಡಿಯೇ ಬಿಡೋಣ ಎಂದು ಆ ವಾರಾಂತ್ಯಕ್ಕೆ ಅಂಥದ್ದೇ ಒಂದು ಕಾರನ್ನು ಬಾಡಿಗೆಗೆ ತೆಗೆದುಕೊಂಡಿದ್ದೆ.

ಗುಂಡ್ಯ ದಾಟಿ ಏರು ಶುರುವಾದ ಮೇಲೆ ಮುಂದೆ ಒಂದು ಟ್ಯಾಂಕರ್ ಸಿಕ್ಕಿತು. ನಾನು ನಾಲ್ಕನೇ ಗೇರಿನಲ್ಲಿದ್ದೆ, ವೇಗ 40ರ ಆಸುಪಾಸು. ಎದುರು ರಸ್ತೆ ಖಾಲಿ ಕಂಡಿತು. ಬಲಕ್ಕೆ ಎಳೆದು ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಏನೂ ಆಗಲಿಲ್ಲ! ಒಂದು, ಒಂದೂವರೆ ಸೆಕೆಂಡು ಕಾರು ಹಾಗೇ ತೆವಳಿತು. ಅಷ್ಟರಲ್ಲಿ ತಿರುವಿನಲ್ಲಿ ಲಾರಿಯ ಮೂತಿ ಕಂಡಿತು. ಬ್ರೇಕ್ ಹಾಕಿ ಹಿಂದೆ ಸರಿಯೋಣ ಅಂತ ನಿರ್ಧರಿಸಿದ ಕ್ಷಣಕ್ಕೇ ಕಾರು ಒಮ್ಮೆಲೇ ಮುಂದಕ್ಕೆ ಹಾರಿತು. ಬ್ರೇಕ್ ಒತ್ತಿ ಟ್ಯಾಂಕರಿನ ಹಿಂದೆ ನುಸುಳಿಕೊಂಡೆ. ಲಾರಿಯವನು ಹಾರ್ನ್ ಹೊಡೆಯುತ್ತಲೇ ಇಳಿದುಹೋದ.

ಕಾರಿನ ತಪ್ಪೇನೂ ಇರಲಿಲ್ಲ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದೆ ಹೆತ್ತವರನ್ನು ಕೂರಿಸಿಕೊಂಡು ಪ್ರಯೋಗ ಮಾಡಿದ ತಪ್ಪು ನನ್ನದು.

ಆ ಒಂದೂವರೆ ಸೆಕೆಂಡು ಎಲ್ಲಿಗೆ ಹೋಯಿತು?

ಎಂಜಿನಿಯರಿಂಗ್‌ನಲ್ಲಿ ಓದಿದ್ದನ್ನು ಮತ್ತೆ ಕೆದಕಿದೆ. ಎಂಜಿನ್‌ನಿಂದ ಹೊರಹೋಗುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ದಂಡಕ್ಕೆ ಕೂತ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಹೆಚ್ಚು ಗಾಳಿ ಬಂದರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಹೆಚ್ಚು ಶಕ್ತಿ ಸಿಗುತ್ತದೆ. ಇದೇ ಟರ್ಬೊ. ತೊಂದರೆ ಏನೆಂದರೆ, ಎಂಜಿನ್ ನಿಧಾನಕ್ಕೆ ತಿರುಗುತ್ತಿದ್ದಾಗ ಹೊಗೆ ಕಡಿಮೆ, ಚಕ್ರಕ್ಕೆ ಬಲ ಸಾಲದು. ನೀವು ಪೆಡಲ್ ಒತ್ತಿದ ಮೇಲೆ ಚಕ್ರ ವೇಗ ಹಿಡಿಯಲು ಒಂದಿಷ್ಟು ಹೊತ್ತು ಬೇಕು. ಅದಕ್ಕೇ 'ಟರ್ಬೊ ಲ್ಯಾಗ್' ಅನ್ನುವುದು.

ಬ್ರೋಷರ್‌ನಲ್ಲಿ '172 ನ್ಯೂಟನ್ ಮೀಟರ್ ಟಾರ್ಕ್, 1500 ಆರ್‌ಪಿಎಂನಿಂದಲೇ' ಅಂತ ಬರೆದಿರುತ್ತದೆ. ಸುಳ್ಳಲ್ಲ. ಆದರೆ ಅದು ಟರ್ಬೊ ಆಗಲೇ ಪೂರ್ತಿ ತಿರುಗುತ್ತಿರುವಾಗಿನ ಲೆಕ್ಕ. ಪೆಡಲ್ ಒತ್ತಿದ ಆ ಕ್ಷಣದ ಲೆಕ್ಕ ಅಲ್ಲ. ನಾನು ಘಾಟಿಯಲ್ಲಿ ಪೆಡಲ್ ಒತ್ತಿದಾಗ ಎಂಜಿನ್ ಇದ್ದದ್ದು 1400ರ ಹತ್ತಿರ. ಮೂರನೇ ಗೇರಿಗೆ ಇಳಿಸಿದ್ದರೆ ಅದೇ ವೇಗಕ್ಕೆ 2000ದ ಹತ್ತಿರ ಇರುತ್ತಿತ್ತು, ಲ್ಯಾಗ್ ಗೊತ್ತೇ ಆಗುತ್ತಿರಲಿಲ್ಲ.

ಮೂರು ಕಾರು, ಮೂರು ಪಾಠ

ಇಷ್ಟಾದ ಮೇಲೆ ಅವಸರ ಬಿಟ್ಟು ಎರಡು ತಿಂಗಳು ಸಿಕ್ಕಸಿಕ್ಕ ಟರ್ಬೊ ಹ್ಯಾಚ್‌ಬ್ಯಾಕ್‌ಗಳನ್ನು ಓಡಿಸಿದೆ, ಒಬ್ಬನೇ.

ಮೊದಲನೆಯದು ಸಹೋದ್ಯೋಗಿಯೊಬ್ಬರ ಪೋಲೊ 1.0 ಟಿಎಸ್‌ಐ. 110 ಪಿಎಸ್, 175 ನ್ಯೂಟನ್ ಮೀಟರ್. ಭಾರತದಲ್ಲಿ ಪೋಲೊ ಮಾರಾಟ 2022ರಲ್ಲಿ ನಿಂತಿತು, ಆದರೂ ಇರುವವರು ಬಿಟ್ಟುಕೊಡಲು ತಯಾರಿಲ್ಲ. ಯಾಕೆ ಅಂತ ಬೆಳಗಿನ ಜಾವ ನೈಸ್ ರಸ್ತೆಯಲ್ಲಿ ಗೊತ್ತಾಯಿತು. 2000 ಆರ್‌ಪಿಎಂ ದಾಟಿದ ಮೇಲೆ ಮೂರು ಸಿಲಿಂಡರಿನ ಪುಟ್ಟ ಎಂಜಿನ್ ಅಂತ ಅನ್ನಿಸುವುದೇ ಇಲ್ಲ. ಸ್ಟೀರಿಂಗ್ ಕೈಯಲ್ಲಿ ಗಟ್ಟಿಯಾಗಿ ಕೂರುತ್ತದೆ. ಈ ಕಾರಿನಲ್ಲಿ ಕಲಿತದ್ದು, ಟರ್ಬೊ ಕಾರಿನಲ್ಲಿ ಆರ್‌ಪಿಎಂ ಮುಳ್ಳು ಶೋಕಿಗಲ್ಲ, ನೋಡಿಕೊಂಡೇ ಓಡಿಸಬೇಕು.

ಎರಡನೆಯದು ಹ್ಯುಂಡೈ ಐ20 ಎನ್ ಲೈನ್. 998 ಸಿಸಿ, 120 ಪಿಎಸ್, ಏಳು ಗೇರಿನ ಡ್ಯುಯಲ್ ಕ್ಲಚ್ ಆಟೊಮ್ಯಾಟಿಕ್. ಪೆಡಲ್ ಒತ್ತಿದರೆ ತಾನಾಗಿಯೇ ಗೇರು ಇಳಿಸಿಕೊಂಡು ಮುನ್ನುಗ್ಗುತ್ತದೆ, ಕ್ಲಚ್ ತುಳಿಯುವ ರಗಳೆ ಇಲ್ಲ. ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ದಿನಾ ಒದ್ದಾಡುವ ಎಡಗಾಲಿಗೆ ಇದು ಹಬ್ಬ. ಒಂದೇ ಮಾತು: ಡ್ಯುಯಲ್ ಕ್ಲಚ್ ಅನ್ನುವುದು ಒಳಗೆ ನಿಜವಾದ ಕ್ಲಚ್ಚೇ. ಏರಿನಲ್ಲಿ ಬ್ರೇಕ್ ಹಿಡಿಯದೆ ಆಕ್ಸಿಲರೇಟರಿನಿಂದಲೇ ಕಾರು ನಿಲ್ಲಿಸಿಕೊಳ್ಳುವ ಅಭ್ಯಾಸ ಇದ್ದರೆ ಅದು ಬಿಸಿಯಾಗುತ್ತದೆ. ಯಾವ ಕಂಪನಿಯದಾದರೂ ಅಷ್ಟೆ.

ಮೂರನೆಯದು ನೆಂಟರೊಬ್ಬರ ಟಾಟಾ ಆಲ್ಟ್ರೋಜ್ ರೇಸರ್. 2024ರ ಜೂನ್‌ನಲ್ಲಿ ಬಂದದ್ದು, 1.2 ಲೀಟರ್, 120 ಪಿಎಸ್, 170 ನ್ಯೂಟನ್ ಮೀಟರ್, ಆರು ಗೇರಿನ ಮ್ಯಾನುಯಲ್. ಹೆದ್ದಾರಿಯಲ್ಲಿ ಕಾರು ನೆಲಕ್ಕೆ ಅಂಟಿಕೊಂಡಂತೆ ಓಡುತ್ತದೆ. ಬಾಗಿಲು 90 ಡಿಗ್ರಿ ತೆರೆಯುತ್ತದೆ ಅನ್ನುವುದು ನನಗೆ ಮೊದಲು ಮುಖ್ಯ ಅನ್ನಿಸಿರಲಿಲ್ಲ. ಅಮ್ಮನ ಮಂಡಿ ನೆನಪಾದ ಮೇಲೆ ಅನ್ನಿಸಿತು.

ಇವೆಲ್ಲ ಇಷ್ಟು ಪುಟ್ಟ ಎಂಜಿನ್ ಯಾಕೆ ಇಟ್ಟುಕೊಂಡಿವೆ ಅಂತ ಕೇಳಬಹುದು. ಉತ್ತರ ತೆರಿಗೆಯಲ್ಲಿದೆ. ನಾಲ್ಕು ಮೀಟರ್ ಒಳಗಿನ ಉದ್ದ, 1200 ಸಿಸಿ ಒಳಗಿನ ಪೆಟ್ರೋಲ್ ಎಂಜಿನ್ ಇದ್ದರೆ ನಮ್ಮಲ್ಲಿ ಅದು 'ಸಣ್ಣ ಕಾರು'. 2025ರ ಸೆಪ್ಟೆಂಬರ್‌ನಿಂದ ಇವಕ್ಕೆ ಜಿಎಸ್‌ಟಿ ಶೇ. 18. ಆ ಗೆರೆ ದಾಟದೆ ಶಕ್ತಿ ಹೆಚ್ಚಿಸಲು ಇರುವ ಸುಲಭ ದಾರಿ ಟರ್ಬೊ.

ನಮ್ಮ ಊರುಗಳಿಗೆ ಇನ್ನೊಂದು ಲಾಭವೂ ಇದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ತೆಳು, ಹಾಗಾಗಿ ಮಾಮೂಲಿ ಎಂಜಿನ್ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಆ ನಷ್ಟ ಬಹುಮಟ್ಟಿಗೆ ತುಂಬಿಹೋಗುತ್ತದೆ. ನನ್ನ ಹಳೇ ಕಾರು ಪುತ್ತೂರಿನಲ್ಲಿ ಚುರುಕು, ಬೆಂಗಳೂರಿನಲ್ಲಿ ಸೋಮಾರಿ ಅನ್ನಿಸುತ್ತಿದ್ದುದು ಬರೀ ಭ್ರಮೆ ಆಗಿರಲಿಲ್ಲ!

ಶೋರೂಮಿನಲ್ಲಿ ಹೇಳದ ಮಾತುಗಳು

ನೀವೂ ಟರ್ಬೊ ಹುಡುಕುತ್ತಿದ್ದರೆ ಇಷ್ಟು ನೆನಪಿರಲಿ. ಟೆಸ್ಟ್ ಡ್ರೈವ್ ಖಾಲಿ ರಸ್ತೆಯಲ್ಲಿ ಮಾತ್ರ ಬೇಡ, ಒಂದು ಫ್ಲೈಓವರ್ ಏರನ್ನು ನಾಲ್ಕು ಜನರನ್ನು ಕೂರಿಸಿಕೊಂಡು 30ರ ವೇಗದಿಂದ ಹತ್ತಿಸಿ ನೋಡಿ, ಲ್ಯಾಗ್ ಅಲ್ಲೇ ಬಯಲಾಗುತ್ತದೆ. ದೊಡ್ಡ ಗೇರಿನಲ್ಲಿ, ಕಡಿಮೆ ಆರ್‌ಪಿಎಂನಲ್ಲಿ ಪೆಡಲ್ ಪೂರ್ತಿ ಒತ್ತಬೇಡಿ, ಎಂಜಿನ್‌ಗೂ ಒಳ್ಳೆಯದಲ್ಲ. ಕಂಪನಿ ಹೇಳಿದ ಗ್ರೇಡಿನ ಆಯಿಲನ್ನೇ ಹಾಕಿಸಿ, ಸಮಯಕ್ಕೆ ಬದಲಿಸಿ. ಟರ್ಬೊ ದಂಡ ನಿಂತಿರುವುದೇ ಆಯಿಲ್ ಮೇಲೆ. ಘಾಟಿ ಹತ್ತಿ ಬಂದ ತಕ್ಷಣ ಆಫ್ ಮಾಡದೆ ಅರ್ಧ ನಿಮಿಷ ಎಂಜಿನ್ ಸುಮ್ಮನೆ ಓಡಲಿ. ಮೈಲೇಜ್ ನಿಮ್ಮ ಬಲಗಾಲಿನಲ್ಲಿದೆ. ಒತ್ತಿದಷ್ಟೂ ಪೆಟ್ರೋಲ್ ಬಂಕ್ ಹತ್ತಿರವಾಗುತ್ತದೆ.

ಅಪ್ಪನ ಪ್ರಶ್ನೆ

ಕೊನೆಗೆ ಆಟೊಮ್ಯಾಟಿಕ್ ಟರ್ಬೊ ಒಂದನ್ನು ಬುಕ್ ಮಾಡುವ ಮೊದಲು ಅಪ್ಪನಿಗೆ ಫೋನ್ ಮಾಡಿ ಲ್ಯಾಗು, ಆರ್‌ಪಿಎಂ, ಗೇರು ಎಲ್ಲ ವಿವರಿಸಿದೆ. ಕೇಳಿಸಿಕೊಂಡು ಹೇಳಿದರು: "ಹತ್ತುವುದೆಲ್ಲ ಸರಿ ಮಾರಾಯ. ಇಳಿಯುವಾಗ ನಿನ್ನ ಟರ್ಬೊ ಎಂತ ಮಾಡ್ತದೆ?"

ಉತ್ತರ ಇರಲಿಲ್ಲ. ಇಳಿಜಾರಿನಲ್ಲಿ ಟರ್ಬೊ ಏನೂ ಮಾಡುವುದಿಲ್ಲ. ಎಂಜಿನ್ ಸಣ್ಣದಾದಷ್ಟೂ ಅದು ಕಾರನ್ನು ತಡೆದು ಹಿಡಿಯುವ ಬಲ ಕಡಿಮೆ. ಆಟೊಮ್ಯಾಟಿಕ್ ಆದರೂ ನಾವೇ ಮ್ಯಾನುಯಲ್ ಮೋಡಿಗೆ ಹಾಕಿ ಎರಡನೇ ಗೇರಿನಲ್ಲಿ ಇಳಿಸಬೇಕು, ಇಲ್ಲದಿದ್ದರೆ ಬ್ರೇಕ್ ಕಾಯುತ್ತದೆ. ನಾನು ಎರಡು ತಿಂಗಳು ಕಾರು ಎಷ್ಟು ಓಡುತ್ತದೆ ಅಂತ ಮಾತ್ರ ನೋಡಿದ್ದೆ. ಮೊದಲ ಬಾರಿಗೆ ನಾನೊಬ್ಬನೇ ಊರಿಗೆ ಹೋದಾಗ ಮಾರನಹಳ್ಳಿಯಿಂದ ಗುಂಡ್ಯದವರೆಗೆ ಎರಡು ಮತ್ತು ಮೂರನೇ ಗೇರಿನಲ್ಲೇ ಇಳಿದೆ.

ಮರುದಿನ ಅಪ್ಪ ಅಂಗಳದಲ್ಲಿ ಕಾರಿಗೆ ಒಂದು ಸುತ್ತು ಬಂದರು. ಮುಂದಿನ ಚಕ್ರದ ಹತ್ತಿರ ಬಗ್ಗಿ ನೋಡಿದರು. ಏನೂ ಹೇಳಲಿಲ್ಲ. ರಾತ್ರಿ ಊಟಕ್ಕೆ ಕೂತಾಗ, "ಬಸ್ ಟಿಕೆಟ್ ಮಾಡಿದ್ದೆ. ಕ್ಯಾನ್ಸಲ್ ಮಾಡ್ಲಿಕ್ಕೆ ಆಗ್ತದಾ ನೋಡು" ಅಂದರು.

ಸೋಮವಾರ ಬೆಳಗ್ಗೆ ಘಾಟಿಯಲ್ಲಿ ಮತ್ತೆ ಒಂದು ಟ್ಯಾಂಕರ್ ಸಿಕ್ಕಿತು. ಅಪ್ಪನ ಕೈ ಬಾಗಿಲ ಮೇಲಿನ ಹಿಡಿಯನ್ನು ಹಿಡಿದದ್ದು ಕಣ್ಣಂಚಿನಲ್ಲಿ ಕಂಡಿತು. ರಸ್ತೆ ಖಾಲಿಯೇ ಇತ್ತು, ಕಾಲ ಕೆಳಗೆ ಶಕ್ತಿಯೂ ಇತ್ತು. ಆದರೆ ತಿರುವಿನ ಆಚೆ ಏನಿದೆ ಅಂತ ಯಾವ ಟರ್ಬೊಗೂ ಗೊತ್ತಾಗುವುದಿಲ್ಲ. ಟ್ಯಾಂಕರಿನ ಹಿಂದೆಯೇ ಉಳಿದೆ. ನಾಲ್ಕು ತಿರುವು ಕಳೆದ ಮೇಲೆ ಚಾಲಕನೇ ಎಡಕ್ಕೆ ಸರಿದು ಇಂಡಿಕೇಟರ್ ಹಾಕಿದ. ಮುಂದಿನ ರಸ್ತೆ ದೂರದವರೆಗೆ ಕಾಣುತ್ತಿತ್ತು. ಎರಡೇ ಕ್ಷಣದಲ್ಲಿ ದಾಟಿದೆವು.

"ಪಿಕಪ್ ಅಡ್ಡಿಲ್ಲ" ಅಂದರು ಅಪ್ಪ. ಅಷ್ಟು ಹೊತ್ತಿಗೆ ಅಮ್ಮ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು.