ಅಪ್ಪನ ನಾಗಸ್ವರಕ್ಕೆ ತಕ್ಕಡಿ ಯಾಕೆ?

ಓಲಗದ ಮನೆತನಗಳಲ್ಲಿ ಇದೊಂದು ಪೇಚಾಟ. ಊದುತ್ತಿದ್ದ ಅಪ್ಪ ಕಣ್ಮುಚ್ಚಿದ. ಮಗನಿಗೆ ಆಫೀಸೋ, ಅಂಗಡಿಯೋ. ನಾಗಸ್ವರ ಅಟ್ಟ ಸೇರಿತು. ಮಾರಿಬಿಡೋಣ ಅಂತ ಗುಜರಿ ಅಂಗಡಿಗೆ ಒಯ್ದರೆ ಅಲ್ಲಿ ಲೋಹಕ್ಕಷ್ಟೇ ಬೆಲೆ, ಮರ ಒಲೆಗೆ!

ತಾಳಿ ಸ್ವಾಮಿ, ಬೆಲೆ ಇರೋದೇ ಮರಕ್ಕೆ. ಕುಂಭಕೋಣದ ಬಳಿಯ ನರಸಿಂಗಪೇಟೆಯಲ್ಲಿ ನಾಗಸ್ವರ ಕಡೆಯುವವರು ಹುಡುಕುವುದು ಹಳೇ ಮನೆ ಕೆಡವಿದಾಗ ಸಿಗುವ ಆಚಾ ಮರದ ತೊಲೆಗಳನ್ನು. ಹಸಿ ಮರ ಬಿರುಕು ಬಿಡುತ್ತೆ; ಒಣಗಿ ಮಾಗಿದ್ದು ನಾದ ಕೊಡುತ್ತೆ. ಅಲ್ಲಿನ ನಾಗಸ್ವರಕ್ಕೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ.

ಆದ್ದರಿಂದ ಮೊದಲು ಬಲ್ಲವರ ಕೈಲಿ ಊದಿಸಿ. ಗಿಡ್ಡನೆಯ ತಿಮಿರಿಯೋ, ಉದ್ದನೆಯ ಬಾರಿಯೋ ಕೇಳಿ. ತಿಮಿರಿಯ ಶ್ರುತಿ ಏರು. ಟಿ.ಎನ್. ರಾಜರತ್ನಂ ಪಿಳ್ಳೆಯವರು ರೂಢಿಗೆ ತಂದ ಬಾರಿಗೇ ಕಚೇರಿಯಲ್ಲಿ ಮರ್ಯಾದೆ. ಸದ್ದು ಬರಲಿಲ್ಲವೆಂದು ಗಾಬರಿ ಬೇಡ. ಕೆಟ್ಟಿರೋದು ಬರೀ ಸೀವಾಳಿ ಇರಬಹುದು, ಅದನ್ನು ಬದಲಾಯಿಸಬಹುದು. ಕೆಳಗಿನ ತೂತುಗಳಲ್ಲಿ ಮೇಣ ಕಂಡರೆ ಕೆರೆಯಬೇಡಿ. ಅದು ಕೊಳೆಯಲ್ಲ, ಅಪ್ಪ ಶ್ರುತಿ ಕೂಡಿಸಿದ ಗುರುತು.

ಆನೆದಂತದ ಬಿಲ್ಲೆ, ಕಡ್ಡಿ ಜೊತೆಗಿದ್ದರೆ ಹುಷಾರು! ಎಷ್ಟೇ ಹಳತಾದರೂ ದಂತ ಮಾರುವುದು ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಅಪರಾಧ. ಅದನ್ನು ವ್ಯಾಪಾರಕ್ಕೆ ಸೇರಿಸಬೇಡಿ.

ಮಗ ಊದಲಿಲ್ಲವೆಂದು ಕೊರಗೂ ಬೇಡ. ಕದ್ರಿ ಗೋಪಾಲನಾಥರ ತಂದೆ ನಾಗಸ್ವರದವರು. ಮಗ ಹಿಡಿದದ್ದು ಸ್ಯಾಕ್ಸೋಫೋನು. ಕಲಿಯುವ ಹುಡುಗನೊಬ್ಬನಿಗೆ ನಾಲ್ಕು ಕಾಸು ಕಮ್ಮಿಗೆ ಕೊಟ್ಟರೂ ನಷ್ಟವಿಲ್ಲ. ಯಾರದೋ ಮದುವೆಯ ಗಟ್ಟಿಮೇಳದಲ್ಲಿ ಅಪ್ಪನ ನಾಗಸ್ವರ ಇನ್ನೂ ಕೇಳಿಸೀತು.