ಬಿಸಿಲ ನಾಡಿಗೆ ತಂಪಿನ ಹಂದರ

ವೈಶಾಖದ ನಡುಹಗಲು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳಲ್ಲಿ ಉಷ್ಣತೆ 42 ಡಿಗ್ರಿ ದಾಟುವುದು ಅಪರೂಪವಲ್ಲ. ಆ ಹೊತ್ತಿನಲ್ಲಿ ಅಂಗಳದ ತಗಡಿನ ಕೆಳಗೆ ಮಲಗಿದ ಮುದುಕರ, ಹಸುಗೂಸುಗಳ ಪಾಡೇನು? ತಗಡು ಬಿಸಿಲನ್ನು ತಡೆಯುವುದೇನೋ ನಿಜ. ಆದರೆ ತಾನೇ ಕಾದು, ಆ ಕಾವನ್ನು ಕೆಳಗಿದ್ದವರ ಮೇಲೆ ಸುರಿಯುತ್ತದೆ.

ಇದಕ್ಕೆ ಹಿರಿಯರು ಕಂಡುಕೊಂಡ ಉಪಾಯವೇ ಹಂದರ. ತೊಗರಿಗೆ ಹೆಸರಾದ ಈ ಸೀಮೆಯಲ್ಲಿ ರಾಶಿ ಮುಗಿದ ಮೇಲೆ ತೊಗರಿಕಟ್ಟಿಗೆಗೆ ಬರವಿಲ್ಲ. ಅದನ್ನು ಹರಡಿದ ಹಂದರ ನೆರಳು ಕೊಡುತ್ತದೆ. ಸಂದುಗಳಿಂದ ಬಿಸಿಗಾಳಿಯನ್ನು ಮೇಲಕ್ಕೆ ಬಿಡುತ್ತದೆ.

ಕಟ್ಟುವವರು ಮೊದಲು ನೆಲವನ್ನು ನೋಡಬೇಕು. ಎರೆಮಣ್ಣು ಮಳೆಗೆ ಉಬ್ಬಿ, ಬೇಸಗೆಯಲ್ಲಿ ಬಿರಿಯುವುದರಿಂದ ಮೇಲುಮೇಲೆ ಹುಗಿದ ಕಂಬ ವಾಲದೆ ಇರದು. ಗಟ್ಟಿನೆಲ ಸಿಗುವವರೆಗೂ ಅಗೆಯಿರಿ. ಮರದ ಕಂಬಕ್ಕೆ ಗೆದ್ದಲಿನ ಭಯ. ಕಲ್ಲುಕಂಬಕ್ಕೆ ಆ ಚಿಂತೆಯಿಲ್ಲ. ಇಳಿಹೊತ್ತಿನ ಬಿಸಿಲು ಓರೆಯಾಗಿ ಒಳನುಗ್ಗುವುದರಿಂದ ಪಡುವಣ ದಿಕ್ಕಿಗೆ ತಡಿಕೆ ಅವಶ್ಯ. ಒಣಕಟ್ಟಿಗೆಗೆ ಕಿಡಿ ಸಾಕು, ಒಲೆಯನ್ನು ದೂರವಿಡಿ.

ಬುಡದಲ್ಲಿ ಹೀರೆ ಅಥವಾ ಸೋರೆಯ ಬೀಜ ಊರಿ, ಪಾತ್ರೆ ತೊಳೆದ ನೀರನ್ನು ಅತ್ತ ತಿರುಗಿಸಿದರೆ ಇನ್ನೂ ಲೇಸು. ಎಲೆಗಳು ಹೊರಬಿಡುವ ತೇವದಿಂದ ಗಾಳಿ ತಂಪಾಗುತ್ತದೆ. ಅಡಿಗೆಗೆ ಕಾಯಿಯೂ ದೊರೆಯುತ್ತದೆ.

ನೆರಳಿನಲ್ಲಿರುವ ಶಹಾಬಾದಿ ಹಾಸುಗಲ್ಲಿಗೆ ಒಂದಿಷ್ಟು ನೀರು ಚಿಮುಕಿಸಿ, ಹೊರಸು ಹಾಕಿ ನೋಡಿ. ಮಧ್ಯಾಹ್ನವೆಲ್ಲ ಕತ್ತಲೆಕೋಣೆಯಲ್ಲಿ ಬೆವರುತ್ತಿದ್ದ ಅಜ್ಜಿ ತಾನಾಗಿಯೇ ಹೊರಗೆ ಬಂದು ಕುಳಿತುಕೊಳ್ಳುವಳು. ಹಂದರ ಹಾಕಿದ ಶ್ರಮಕ್ಕೆ ಅಷ್ಟು ಪ್ರತಿಫಲ ಸಾಲದೆ?