ಟರ್ಬೊ ಕಾರಿಗೆ ಮೊದಲ ಟ್ಯೂನಿಂಗ್: ಪವರ್ ಹೆಚ್ಚಿಸುವ ಮುನ್ನ ಇದನ್ನು ತಿಳಿದಿರಿ

ಮುಂಬೈ: ಟರ್ಬೊ ಪೆಟ್ರೋಲ್ ಕಾರಿನ ಇಸಿಯು ಸಾಫ್ಟ್‌ವೇರ್ ಬದಲಿಸಿ ಬೂಸ್ಟ್ ಏರಿಸಿದರೆ, ಅಂದರೆ 'ರೀಮ್ಯಾಪ್' ಮಾಡಿದರೆ, ಹೊಸ ಬಿಡಿಭಾಗವಿಲ್ಲದೆಯೇ ಪವರ್ ಹೆಚ್ಚುತ್ತದೆ. ಆದರೆ ಧಾರಾವಿಯಂಥ ಕಡೆ ದಿನವೂ ಓಡುವ ಕಾರಿಗೆ ಅದು ಮೊದಲ ಕೆಲಸವಲ್ಲ.

ಬಿಸಿಯೇ ಸಮಸ್ಯೆ: 90 ಅಡಿ ರಸ್ತೆಯ ಟ್ರಾಫಿಕ್‌ನಲ್ಲಿ ಕಾರು ತೆವಳುವಾಗ ಇಂಟರ್‌ಕೂಲರ್‌ಗೆ ಸಾಕಷ್ಟು ಗಾಳಿ ಸಿಗುವುದಿಲ್ಲ. ಬೂಸ್ಟ್ ಅತಿಯಾಗಿದ್ದು, ಎಂಜಿನ್ ಒಳಹೋಗುವ ಗಾಳಿಯೂ ಬಿಸಿಯಾದರೆ ನಾಕಿಂಗ್ ಶುರುವಾಗಿ ಪಿಸ್ಟನ್ ಹಾಳಾಗಬಹುದು. ಹೀಗಾಗಿ ಮೊದಲು ಆಯಿಲ್, ಕೂಲಂಟ್, ಸ್ಪಾರ್ಕ್ ಪ್ಲಗ್, ಬ್ರೇಕ್, ಟೈರ್ ಪರೀಕ್ಷಿಸಿ. ಕ್ಲಚ್ ಮತ್ತು ಗೇರ್‌ಬಾಕ್ಸ್ ಎಷ್ಟು ಟಾರ್ಕ್ ತಡೆಯುತ್ತವೆ ಎಂದು ತಿಳಿದ ಮೇಲೆ ರೀಮ್ಯಾಪ್ ಯೋಚಿಸಿ.

ಮಳೆಗಾಲದ ಎಚ್ಚರಿಕೆ: ಬಂಪರ್ ಹತ್ತಿರ ತಗ್ಗಿನಲ್ಲಿ ಕೂರಿಸುವ ಕೋಲ್ಡ್ ಏರ್ ಇನ್‌ಟೇಕ್, ಮಿಠಿ ನದಿ ಪಕ್ಕದ ಧಾರಾವಿಗೆ ಹೊಂದುವುದಿಲ್ಲ. ಅದು ರಸ್ತೆಯಲ್ಲಿ ನಿಂತ ನೀರು ಎಳೆದುಕೊಂಡರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಕೈಕೊಡಬಹುದು.

ಕಾನೂನು ಏನನ್ನುತ್ತದೆ?: ಆರ್‌ಸಿಯಲ್ಲಿನ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಸ್ಪಷ್ಟಪಡಿಸಿದೆ. ನಿಯಮಬಾಹಿರ ಮಾರ್ಪಾಡು ಒಂದಕ್ಕೆ ₹5,000 ದಂಡ, 6 ತಿಂಗಳವರೆಗೆ ಜೈಲು ಅಥವಾ ಎರಡನ್ನೂ ವಿಧಿಸಬಹುದು. ವಾರಂಟಿ, ವಿಮೆ ಕ್ಲೇಮ್‌ಗೂ ತೊಡಕಾಗಬಹುದು.

ಆದ್ದರಿಂದ ಮೊದಲ ಹಣ ಒಳ್ಳೆಯ ಟೈರ್, ಬ್ರೇಕ್ ಪ್ಯಾಡ್‌ಗೆ ಹೋಗಲಿ.